ಇನ್ನೊಂದು ಸಲ ಹೇಳಿ

ಪ್ರಶ್ನೆ ಕೇಳುವುದು ನನ್ನ ಕಸುಬು. ಕಾವೇರಿ ಎಲ್ಲಿ ಹುಟ್ಟುತ್ತಾಳೆ, ಏಳೆಂಟ್ಲ ಎಷ್ಟು, ‘ಮನೆಗೆ’ ಎಂಬಲ್ಲಿರುವುದು ಯಾವ ವಿಭಕ್ತಿ ಎಂದು ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯ ತನಕ ಕೇಳುತ್ತಲೇ ಇರುತ್ತೇನೆ. ಆದರೆ ಶಾಲೆಯ ಪ್ರಶ್ನೆಯಲ್ಲಿ ಒಂದು ಸಣ್ಣ ಮೋಸವಿದೆ. ಉತ್ತರ ಗೊತ್ತಿದ್ದುಕೊಂಡೇ ನಾವು ಕೇಳುತ್ತೇವೆ. ಮಗು ತಪ್ಪು ಹೇಳಿದರೆ “ಇನ್ನೊಂದು ಸಲ ಹೇಳು” ಎನ್ನುತ್ತೇವೆ. ಸರಿ ಹೇಳಿದರೂ, ಹಿಂದಿನ ಬೆಂಚಿನವರಿಗೆ ಕೇಳಲಿ ಎಂದು “ಇನ್ನೊಂದು ಸಲ ಹೇಳು” ಎನ್ನುತ್ತೇವೆ. ಈ ಮಾತು ನನ್ನ ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ನಮ್ಮವರು ಸಂತೆಯಿಂದ ಬಂದು ಬೀನ್ಸಿನ ಬೆಲೆ ಹೇಳಿದರೂ “ಇನ್ನೊಂದು ಸಲ ಹೇಳಿ” ಎಂದುಬಿಡುತ್ತೇನೆ. “ಎರಡು ಸಲ ಹೇಳಿದರೆ ಕಡಿಮೆಯಾಗುತ್ತದೆಯೇ?” ಎಂದು ಅವರು ನಗುತ್ತಾರೆ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವ ಕೆಲಸ ಶಿಕ್ಷಕಿಯರಿಗೆ ಬರುವುದು ಗಣತಿಯ ಕಾಲದಲ್ಲಿ. ಜನಗಣತಿ, ಮತದಾರರ ಪಟ್ಟಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಏನಾದರೊಂದು ಬಂದೇ ಬರುತ್ತದೆ. ನಾನು ಮೊದಲು ಜನಗಣತಿಗೆ ಹೋದದ್ದು 2001ರಲ್ಲಿ, ಕೊಳ್ಳೇಗಾಲದ ಒಂದು ವಾರ್ಡಿನಲ್ಲಿ. ಫೆಬ್ರವರಿ 9ರಿಂದ 28ರವರೆಗೆ. ಆಗ ನನ್ನ ಮಗಳು ಕಂಕುಳ ಕೂಸು. ಅವಳನ್ನು ಅತ್ತೆಯವರ ಮಡಿಲಲ್ಲಿ ಹಾಕಿ, ಹೆಗಲಿಗೆ ಚೀಲ ಏರಿಸಿ, ಇಪ್ಪತ್ತಮೂರು ಪ್ರಶ್ನೆಗಳ ಆ ದೊಡ್ಡ ಹಾಳೆಗಳನ್ನು ರಟ್ಟಿಗೆ ಸಿಕ್ಕಿಸಿಕೊಂಡು ಬೀದಿ ಬೀದಿ ಅಲೆದೆ. ಹಾಳೆಯನ್ನು ಮಡಿಸಬಾರದು, ಮಸಿ ಕಲಸಬಾರದು ಎಂದು ಕಟ್ಟಪ್ಪಣೆ, ಏಕೆಂದರೆ ಅದನ್ನು ಯಂತ್ರ ಓದುತ್ತದೆ. ಕೈಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ಆದರೂ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗನೊಬ್ಬ ಓಡಿ ಬಂದು ನನ್ನ ಕಾಫಿ ಲೋಟಕ್ಕೆ ಡಿಕ್ಕಿ ಹೊಡೆದ. ಆ ಮನೆಯ ಏಳು ಜನರ ಮೇಲೂ ಕಾಫಿ ಹರಿಯಿತು! ಮನೆಗೆ ತಂದು, ಫ್ಯಾನಿನ ಕೆಳಗೆ ಒಣಗಿಸಿ, ರಾತ್ರಿ ಕೂತು ಹೊಸ ಹಾಳೆಗೆ ನಕಲು ಮಾಡಿದೆ. ಕಲೆಯ ಅಡಿಯಲ್ಲಿ ಅಕ್ಷರಗಳು ಹಾಗೇ ಇದ್ದವು. ಆ ಮನೆಗೆ ಮತ್ತೆ ಹೋಗಬೇಕಾಗಲಿಲ್ಲ.

ಕಾಗದದ ಈ ಗುಣ ನನಗೆ ಆಗ ಗುಣವೆಂದೇ ಅನಿಸಿರಲಿಲ್ಲ. ನೆನೆಯುತ್ತದೆ, ಹರಿಯುತ್ತದೆ, ಇಲಿ ಕಚ್ಚುತ್ತದೆ, ಆದರೆ ನಾವು ಅದನ್ನು ಉದ್ದಕ್ಕೆ ಹಿಡಿದರೂ ಅಡ್ಡಕ್ಕೆ ಹಿಡಿದರೂ ಬರೆದದ್ದು ಅಲ್ಲಿಯೇ ಇರುತ್ತದೆ. 2011ರ ಗಣತಿಯಲ್ಲೂ ಕಾಗದವೇ. ಪ್ರಶ್ನೆಗಳು ಇಪ್ಪತ್ತೊಂಬತ್ತಾಗಿದ್ದವು, ನನಗೆ ಚಾಳೀಸು ಬರುವ ಕಾಲವೂ ಆಗಿತ್ತು. ಆ ಫೆಬ್ರವರಿ 28ರ ರಾತ್ರಿ, ಮನೆಯಿಲ್ಲದವರನ್ನು ಎಣಿಸಲೆಂದು ನಮ್ಮ ತಂಡದವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಟರಿ ಹಿಡಿದು ಓಡಾಡಿದೆವು. ಕಂಬಳಿ ಹೊದ್ದು ಮಲಗಿದ್ದ ಒಬ್ಬ ಮುದುಕ ಎದ್ದು ಕೂತು, “ನನ್ನನ್ನೂ ಬರ್ಕತೀರಾ ತಾಯಿ?” ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಅದಿರಲಿ, ನಾನು ಹೇಳಹೊರಟಿದ್ದು ಬಂಡಳ್ಳಿಯ ಮಾತು.

ನನ್ನ ಶಾಲೆಯಿರುವುದು ಆ ಕಡೆಗೆ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ, ಹನೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೋ ಆಟೋಗೋ ಕಾಯುವುದು ನನ್ನ ದಿನಚರಿ. ಈ ಸೀಮೆಯನ್ನು ಸರ್ಕಾರಗಳು ಎಷ್ಟು ಸಲ ತಿರುಗಿಸಿವೆ ಎಂಬುದನ್ನು ಮಕ್ಕಳಿಗೆ ಸಮಾಜ ಪಾಠದಲ್ಲಿ ಹೇಳುವಾಗ ನನಗೇ ತಲೆ ತಿರುಗುತ್ತದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆ. ಆಮೇಲೆ ಮೈಸೂರು ಜಿಲ್ಲೆ. 1997ರಲ್ಲಿ ಚಾಮರಾಜನಗರ ಜಿಲ್ಲೆ. 2018ರಿಂದ ಹನೂರೇ ಬೇರೆ ತಾಲ್ಲೂಕು. ಬಂಡಳ್ಳಿಯಲ್ಲಿ ಹುಟ್ಟಿ ಬಂಡಳ್ಳಿಯನ್ನು ಬಿಟ್ಟು ಹೋಗದ ಮುದುಕಿಯೊಬ್ಬರಿಗೆ ಎರಡು ರಾಜ್ಯ, ಮೂರು ಜಿಲ್ಲೆ, ಎರಡು ತಾಲ್ಲೂಕು ಆಗಿಹೋಗಿವೆ. ಆದರೂ ಅವರ ಹೊಲದ ಬದು ಇದ್ದಲ್ಲಿಯೇ ಇದೆ, ಲೆಕ್ಕವೂ ಕಳೆದಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಆಮೇಲೆ ನನ್ನ ಮಗಳು ವಿವರಿಸುವಾಗ ನನಗೆ ಮೊದಲು ಹೊಳೆದದ್ದೇ ಇದು.

ಈಗ್ಗೆ ಕೆಲವು ವರ್ಷದ ಕೆಳಗೆ ನಮಗೊಂದು ಸಣ್ಣ ಸಮೀಕ್ಷೆಯ ಕೆಲಸ ಬಂತು. ತಾಯಂದಿರ, ಮಕ್ಕಳ ವಿವರ ಬೇಕು ಎಂದರು. ಯಾರು ಮಾಡಿಸಿದರು, ಯಾವ ಕಚೇರಿ ಎಂಬುದು ಇಲ್ಲಿ ಬೇಡ. 2025ರ ಸೆಪ್ಟೆಂಬರ್ 22ರಿಂದ ರಾಜ್ಯವೆಲ್ಲ ನಡೆದ ಅರವತ್ತು ಪ್ರಶ್ನೆಗಳ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೋದದ್ದನ್ನು ನೀವು ಕಂಡಿರುತ್ತೀರಿ, ಅದಲ್ಲ ಇದು. ಇದು ಅದಕ್ಕೂ ಮುಂಚಿನದು, ಹತ್ತು ಹನ್ನೆರಡು ಹಳ್ಳಿಗೆ ಮುಗಿದ ಕೆಲಸ. ಆದರೆ ನನಗೆ ಕಾಗದವಿಲ್ಲದ ಮೊದಲ ಗಣತಿ ಅದೇ.

ತರಬೇತಿ ಕೊಟ್ಟ ಹುಡುಗ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. “ಪೇಪರ್ ಇಲ್ಲ, ಪೆನ್ನಿಲ್ಲ, ತುಂಬಾ ಸಿಂಪಲ್ ಮೇಡಂ” ಎಂದ. ನಮ್ಮ ನಮ್ಮ ಫೋನುಗಳಿಗೆ ಆ್ಯಪ್ ಹಾಕಿಕೊಟ್ಟ. ನನ್ನದು ಮಗಳು ಬಳಸಿ ಬಿಟ್ಟ ಫೋನು. (ನಮ್ಮ ಕಾಲದಲ್ಲಿ ಅಕ್ಕನ ಲಂಗ ತಂಗಿಗೆ ಬರುತ್ತಿತ್ತು, ಈಗ ಮಗಳ ಫೋನು ತಾಯಿಗೆ ಬರುತ್ತದೆ.) ಮೂರು ಗಂಟೆಯ ತರಬೇತಿಯಲ್ಲಿ ಅವನು ಫೋನನ್ನು ನೆಟ್ಟಗೆ, ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಲ್ಲಿ ಟಕಟಕ ಒತ್ತಿದ. ನಾವು ಚಾಳೀಸಿನ ಕನ್ನಡಕ ಮೂಗಿಗೇರಿಸಿ, ತೋರುಬೆರಳಿನಲ್ಲಿ ಒಂದೊಂದೇ ಅಕ್ಷರವನ್ನು ಕುಟ್ಟಿದೆವು.

ಮಾರನೆಯ ದಿನ ಬಂಡಳ್ಳಿಯಲ್ಲಿ ನನ್ನ ನಾಲ್ಕನೆಯ ಮನೆ. ಹೆಂಚಿನ ಮನೆ, ಮುಂದೆ ಜಗುಲಿ. ಮನೆಯಾಕೆ ಜಗುಲಿಯ ಮೇಲೆ ಮುಸುಕಿನ ಜೋಳದ ತೆನೆಗಳನ್ನು ರಾಶಿ ಹಾಕಿಕೊಂಡು ಕಾಳು ಬಿಡಿಸುತ್ತಾ ಕೂತಿದ್ದರು. ನಲವತ್ತರ ಆಸುಪಾಸು. ಹಿರಿಯ ಮಗಳು ನನ್ನ ಎಂಟನೆಯ ತರಗತಿಯವಳು, ಹಾಗಾಗಿ ನನಗೆ ಮಣೆ, ಮಜ್ಜಿಗೆ ಎಲ್ಲ ಸಿಕ್ಕಿತು.

“ಕೂತ್ಕಳಿ ಮೇಡಮ್ಮೋರೆ, ಬಿಸ್ಲಲ್ಲಿ ಬಂದಿದೀರ. ಏನೇನ್ ಕೇಳ್ಬೇಕೋ ಕೇಳಿ.”

ಕೇಳಿದೆ. ಹೆಸರು, ವಯಸ್ಸು, ಓದು, ಗಂಡನ ಕೆಲಸ, ಮದುವೆಯಾದಾಗ ವಯಸ್ಸು, ನೀರು ಎಲ್ಲಿಂದ, ಒಲೆ ಯಾವುದು. ಅವರು ಕಾಳು ಬಿಡಿಸುತ್ತಲೇ ಉತ್ತರ ಹೇಳಿದರು, ನಾನು ಕುಟ್ಟುತ್ತಾ ಹೋದೆ. ನಡುನಡುವೆ ನಮ್ಮಿಬ್ಬರ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು, ಬೆಂಗಳೂರಿಗೆ ಕೂಲಿಗೆ ಹೋದ ಮೈದುನ, ಆನೆ ನುಗ್ಗಿದ ಹೊಲ, ಹಲ್ಲುನೋವು. ಹೆಂಗಸರ ಸಮೀಕ್ಷೆ ಎಂದರೆ ಹೀಗೇ ಅಲ್ಲವೇ? ಮುಕ್ಕಾಲು ಗಂಟೆಯಾದ ಮೇಲೆ ಆ ಪ್ರಶ್ನೆ ಬಂತು. ನಿಮಗೆ ಜೀವಂತವಾಗಿ ಹುಟ್ಟಿದ ಮಕ್ಕಳು ಒಟ್ಟು ಎಷ್ಟು? ಅವರಲ್ಲಿ ಈಗ ಬದುಕಿರುವವರು ಎಷ್ಟು?

“ಇರಾದು ಮೂರು ಕನವ್ವ.”

“ಇರೋದು ಆಮೇಲೆ ಬರೆಯೋಣ. ಹುಟ್ಟಿದ್ದು ಎಷ್ಟು?”

ತೆನೆಯ ಮೇಲಿದ್ದ ಕೈ ನಿಂತಿತು. “ಅದ್ನೂ ಬರ್ಕತಾರಾ?” ಎಂದರು.

ಬರೆದುಕೊಳ್ಳುತ್ತಾರೆ ಎಂದೆ. ಇದೇ ಪ್ರಶ್ನೆ ಜನಗಣತಿಯಲ್ಲೂ ಇತ್ತು. ಸತ್ತು ಹುಟ್ಟಿದ್ದನ್ನು ಸೇರಿಸಬೇಡಿ, ಆದರೆ ಹುಟ್ಟಿದಾಗ ಜೀವವಿದ್ದರೆ, ಆಮೇಲೆ ಎಷ್ಟು ಬೇಗ ತೀರಿಕೊಂಡಿದ್ದರೂ ಅದು ಒಂದು ಮಗುವೇ, ಲೆಕ್ಕಕ್ಕೆ ಬರಬೇಕು ಎಂದು ನಮಗೆ ಆಗಲೇ ಬಾಯಿಪಾಠ ಮಾಡಿಸಿದ್ದರು. ಅದನ್ನೇ ಅವರಿಗೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗಳು ಒಳಗಿದ್ದಾಳೆಯೇ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಮದ್ಲು ಒಂದ್ ಹೆಣ್ಗೂಸು ಆಗಿತ್ತು. ಹನ್ನೊಂದ್ ದಿನ ಇತ್ತು. ಹೆಸ್ರಿಡ ಶಾಸ್ತ್ರನೂ ಆಗಿರ್ನಿಲ್ಲ. ಈ ಮನೇಲಿ ಯಾರೂ ಅದ್ರ ಮಾತ ಎತ್ತಲ್ಲ. ನಾನೇ ಒಂದ್ ಹೆಸ್ರ ಕರೀತಿದ್ದೆ, ಯಾರ್ಗೂ ಕೇಳ್ದಂಗೆ” ಎಂದರು. ಆ ಹೆಸರನ್ನೂ ಹೇಳಿದರು. ನನ್ನ ಆ್ಯಪಿನಲ್ಲಿ ಹೆಸರಿಗೆ ಜಾಗವಿರಲಿಲ್ಲ. ಹುಟ್ಟಿದ್ದು 4, ಇರುವುದು 3 ಎಂದು ಒತ್ತಿದೆ. ಎಷ್ಟು ದಿನ ಇತ್ತು ಎಂಬ ಕಡೆ 11. ಅವರು ಇನ್ನೂ ಒಂದಷ್ಟು ಹೇಳಿದರು, ಮಳೆ, ಗಾಡಿ ಸಿಗದ್ದು, ಹನೂರಿಗೆ ಹೋಗುವ ಹೊತ್ತಿಗೆ ಬೆಳಗಾದದ್ದು. ಅದು ಯಾವ ಕಾಲಂಗೂ ಸೇರದ ಮಾತು, ಸುಮ್ಮನೆ ಕೇಳಿಸಿಕೊಂಡೆ.

ಇನ್ನು ಉಳಿದದ್ದು ರೇಷನ್ ಕಾರ್ಡಿನ ಫೋಟೋ. ಹುಡುಗಿ ಒಳಗಿನಿಂದ ಕಾರ್ಡು ತಂದು ಹಿಡಿದಳು. ಅದು ಅಗಲವಾಗಿದೆ, ನೆಟ್ಟಗೆ ಹಿಡಿದರೆ ಎರಡು ಪಕ್ಕವೂ ಕತ್ತರಿಸಿ ಹೋಗುತ್ತದೆ. ಫೋನನ್ನು ಅಡ್ಡ ತಿರುಗಿಸಿ ಚೆನ್ನಾಗಿಯೇ ಒಂದು ಫೋಟೋ ತೆಗೆದೆ. ಸರಿ ಎಂಬಲ್ಲಿ ಒತ್ತಿದೆ. ಮತ್ತೆ ಫಾರಂ ಬಂತು. ಮೊದಲನೆಯ ಪುಟ. ಹೆಸರು ಎಂಬಲ್ಲಿ ಖಾಲಿ. ವಯಸ್ಸು ಎಂಬಲ್ಲಿ ಖಾಲಿ. ಹಿಂದೆ ಮುಂದೆ ಒತ್ತಿದೆ, ಫೋನನ್ನು ನೆಟ್ಟಗೆ ಹಿಡಿದೆ, ಅಡ್ಡ ಹಿಡಿದೆ. ಎಲ್ಲ ಬಿಳಿ.

ಮುಕ್ಕಾಲು ಗಂಟೆಯ ಮಾತು ಎಲ್ಲಿಗೆ ಹೋಯಿತು? ಕಾಫಿಯ ಕಲೆಯಾದರೂ ಉಳಿಯಬಾರದೇ ಎನಿಸಿತು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ಹೆಸರು, ವಯಸ್ಸು ಎಲ್ಲ ನನಗೆ ನೆನಪಿತ್ತು. ಆ ಹನ್ನೊಂದು ದಿನವಂತೂ ಮರೆಯುವ ಹಾಗೆಯೇ ಇರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಎಲ್ಲವನ್ನೂ ಮತ್ತೆ ತುಂಬಬಹುದಾಗಿತ್ತು. ಆದರೆ ಗಾಬರಿಯಲ್ಲಿ, ಮೂವತ್ತು ವರ್ಷದ ರೂಢಿಯಲ್ಲಿ, ಬಾಯಿಂದ ಬಂದೇ ಬಂತು. “ಅಳಿಸಿಹೋಯಿತಮ್ಮ, ಇನ್ನೊಂದು ಸಲ ಹೇಳಿ.”

ಪಾಪ, ಅವರು ಬೇಸರಿಸಲಿಲ್ಲ. ಮೊದಲಿನಿಂದ ಶುರು ಮಾಡಿದೆವು. ಹೆಸರು, ವಯಸ್ಸು, ನೀರು, ಒಲೆ. ಅಷ್ಟರಲ್ಲಿ ಹೊಲದಿಂದ ಅವರ ಅತ್ತೆ ಬಂದರು. ಹುಲ್ಲಿನ ಹೊರೆ ಇಳಿಸಿ, ಜಗುಲಿಯ ತುದಿಗೆ ಕೂತು, ಎಲೆಡಿಕೆ ಚೀಲ ಬಿಚ್ಚಿದರು. ಆ ಪ್ರಶ್ನೆ ಬರುತ್ತಿದೆ ಎಂಬುದು ನನಗೆ ಗೊತ್ತಿತ್ತು, ಆ ತಾಯಿಗೂ ಗೊತ್ತಿತ್ತು. ಆದರೂ ಕೇಳಿದೆ. ಕೇಳಲೇಬೇಕಾಗಿರಲಿಲ್ಲ, ಕೇಳಿದೆ.

ಉತ್ತರ ಬಂದದ್ದು ಅತ್ತೆಯಿಂದ. “ಮೂರ್ ಮಕ್ಕ ಕನವ್ವ. ಎರಡ್ ಗಂಡು, ಒಂದ್ ಹೆಣ್ಣು. ಮೂರೇ. ಬರ್ಕಳಿ.”

ಸೊಸೆ ಒಂದು ಹೊಸ ತೆನೆ ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ.

ನೀವೇ ಹೇಳಿ, ನಾನು ಏನು ಬರೆಯಬೇಕಿತ್ತು? ಮನೆಯವರು ಹೇಳಿದ್ದನ್ನು ಬರೆಯಬೇಕು, ನಿಮ್ಮ ಕಡೆಯಿಂದ ಸೇರಿಸಬಾರದು ಎಂಬುದು ನಿಯಮ. ಹನ್ನೊಂದು ದಿನದ ಕೂಸೂ ಲೆಕ್ಕಕ್ಕೆ ಬರಬೇಕು ಎಂಬುದೂ ನಿಯಮವೇ. ಆ ನಿಯಮವನ್ನು ಅತ್ತೆಗೆ ವಿವರಿಸಿದ್ದರೆ ಸೊಸೆ ಅಪರಿಚಿತಳೊಬ್ಬಳ ಮುಂದೆ ಮನೆಯ ಮಾತು ಬಿಚ್ಚಿದ್ದಾಳೆ ಎಂಬುದು ಬಯಲಾಗುತ್ತಿತ್ತು. ನಾನು ಏನೂ ಮಾತಾಡದೆ 4 ಎಂದು ಒತ್ತಿದೆ, ಕೆಳಗೆ 3. ಅತ್ತೆಗೆ ಅಕ್ಷರ ಬಾರದು. ಆದರೆ ನನ್ನ ವಿದ್ಯಾರ್ಥಿನಿ, ಮಕ್ಕಳು ನಿಲ್ಲುವ ಹಾಗೆ, ನನ್ನ ಹೆಗಲಿಗೆ ಒರಗಿ ನಿಂತು ಫೋನನ್ನೇ ನೋಡುತ್ತಿದ್ದಳು.

“ಮಿಸ್,” ಎಂದಳು.

ತಾಯಿ ತಲೆಯೆತ್ತಿ ಅವಳನ್ನು ನೋಡಿದರು. ಅಷ್ಟೇ. ಹುಡುಗಿ ಬಾಯಿ ಮುಚ್ಚಿದಳು. ಈ ಸಲ ಕಾರ್ಡಿನ ಫೋಟೋವನ್ನು ಫೋನು ನೆಟ್ಟಗೆ ಹಿಡಿದು ಎರಡು ಸಲ ತೆಗೆದೆ, ಅರ್ಧರ್ಧ ಬಂತು. ಹೊರಡುವಾಗ ಆ ತಾಯಿ ನನ್ನ ಚೀಲಕ್ಕೆ ನಾಲ್ಕು ತೆನೆ ಹಾಕಿದರು. ಬೇಡವೆಂದರೂ ಕೇಳಲಿಲ್ಲ.

ಆ ಭಾನುವಾರ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳ ಕೆಲಸವೇ ಈ ಮೊಬೈಲ್ ಆ್ಯಪುಗಳನ್ನು ಬರೆಯುವುದು. ಅವಳು ಏನು ಮಾಡುತ್ತಾಳೆ ಎಂದು ನೆಂಟರು ಕೇಳಿದರೆ “ಕಂಪ್ಯೂಟರಿನಲ್ಲಿ” ಎನ್ನುವುದಷ್ಟೇ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು. ಅವಳಿಗೆ ಆ ತೆನೆಗಳನ್ನು ಸುಟ್ಟುಕೊಟ್ಟು, ನಡೆದದ್ದನ್ನೆಲ್ಲ ಹೇಳಿ, “ನೀವು ಮಾಡುವ ಕೆಲಸ ಇದೇನಾ?” ಎಂದು ರೇಗಿದೆ. ಅವಳು ಜಗಳಕ್ಕೆ ಬರಲಿಲ್ಲ. ಫೋನು ತೆಗೆದುಕೊಂಡು, “ಒಂದು ಹೆಸರು ಹೇಳಮ್ಮ, ತುಂಬಿ ನೋಡೋಣ. ನಿಜವಾದವರದ್ದು ಬೇಡ, ಕಳಿಸುವುದೂ ಬೇಡ” ಎಂದಳು.

ಬಾಯಿಗೆ ಬಂದದ್ದು ಕುಂತಿ.

“ವಯಸ್ಸು?” “ನಿನಗೆ ತೋಚಿದ್ದು ಹಾಕು.” “ಗಂಡನ ಕೆಲಸ?” “ರಾಜ.” ಇಬ್ಬರೂ ನಕ್ಕೆವು. ಹೆತ್ತ ಮಕ್ಕಳು ಎಂಬಲ್ಲಿಗೆ ಬಂದಾಗ ಅವಳು ನನ್ನನ್ನು ಕೇಳದೆ 3 ಎಂದು ಒತ್ತಿದಳು. “ನಾಲ್ಕು ಕಣೇ” ಎಂದೆ. “ಹೌದಲ್ಲ, ಕರ್ಣ!” ಎಂದು ತಿದ್ದಿದಳು. ಹುಟ್ಟಿದ್ದು 4. ಯುದ್ಧ ಮುಗಿದ ಮೇಲೆ ಉಳಿದದ್ದು 3. ಆ ಅಂಕಿಗಳನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಮಗಳು ಅದನ್ನು ಗಮನಿಸದೆ, ಕ್ಯಾಮೆರಾ ಏನೂ ತೆರೆಯದೆ, ಫೋನನ್ನು ಸುಮ್ಮನೆ ಅಡ್ಡ ತಿರುಗಿಸಿದಳು. ಕುಂತಿ ಮಾಯ.

“ಇದೇ,” ಎಂದಳು.

ಆಮೇಲೆ ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಫೋನಿನೊಳಗೆ ಭೂಮಿಯ ಸೆಳೆತವನ್ನು ಅಳೆಯುವ ಸಣ್ಣ ಚಿಪ್ಪೊಂದಿದೆ, ಕೆಳಗು ಯಾವ ಕಡೆ ಎಂಬುದು ಅದರಿಂದ ಫೋನಿಗೆ ತಿಳಿಯುತ್ತದೆ. ಅಡ್ಡ ಹಿಡಿದೊಡನೆ ಪರದೆಯ ಉದ್ದ ಅಗಲವಾಗುತ್ತದೆ, ಅಗಲ ಉದ್ದವಾಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಬೇರೆ ಹೇಳದಿದ್ದರೆ, ಇದ್ದ ಪರದೆಯನ್ನು ಎಳೆದು ಹಿಗ್ಗಿಸುವುದಿಲ್ಲವಂತೆ. ಹಳೆಯ ಮನೆಯನ್ನು ಪೂರ್ತಿ ಕೆಡವಿ, ಅಡ್ಡ ನಿವೇಶನಕ್ಕೆ ಬೇರೆ ನಕ್ಷೆಯಿದ್ದರೆ ಅದನ್ನು ಹುಡುಕಿ, ಹೊಸದಾಗಿ ಕಟ್ಟುತ್ತದಂತೆ. ಐಫೋನಿನಲ್ಲಿ ಹೀಗೆ ಕೆಡವುವುದಿಲ್ಲ, ಇದ್ದದ್ದನ್ನೇ ಹೊಸ ಅಳತೆಗೆ ಹೊಂದಿಸುತ್ತದೆ. ಆಂಡ್ರಾಯ್ಡಿನ ಮೊದಲ ಫೋನು 2008ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಪಕ್ಕಕ್ಕೆ ಜಾರುವ ಕೀಲಿಮಣೆಯಿತ್ತು, ಅದನ್ನು ಎಳೆದರೆ ಪರದೆ ಅಡ್ಡವಾಗುತ್ತಿತ್ತು. ಅಂದಿನಿಂದಲೂ ಈ ಕೆಡವಿ ಕಟ್ಟುವ ಪದ್ಧತಿ ನಡೆದುಬಂದಿದೆ.

“ಹಾಗಾದರೆ ಒಳಗಿನ ಸಾಮಾನು?”

“ಕೆಡವುವ ಮುಂಚೆ ಅದು ಕೂಗಿ ಹೇಳುತ್ತೆ ಅಮ್ಮ, ಬೇಕಾದ್ದನ್ನು ತಗೊಳ್ಳಿ ಅಂತ. ಒಂದು ಚೀಲವನ್ನೂ ಕೊಡುತ್ತೆ. ಅದಕ್ಕೆ ಬಂಡಲ್ ಅಂತ ಹೆಸರು.”

“ಬಂಡಲ್ಲೋ, ಬಂಡಳ್ಳಿಯೋ?” ಎಂದರು ಪೇಪರಿನ ಹಿಂದಿನಿಂದ ನಮ್ಮವರು.

ಬರೆಯುವ ಚೌಕಗಳಿಗೆ ಆ್ಯಪ್ ಮಾಡಿದವರು ಒಂದೊಂದು ಗುರುತುಹೆಸರು ಕೊಟ್ಟಿದ್ದರೆ, ಅದರಲ್ಲಿ ಬರೆದದ್ದನ್ನು ಫೋನೇ ಆ ಚೀಲಕ್ಕೆ ತುಂಬಿ, ಹೊಸ ಮನೆಯಲ್ಲಿ ಅದೇ ಜಾಗಕ್ಕೆ ಇಡುತ್ತದೆ. ಹೆಸರಿಲ್ಲದ್ದನ್ನು ಯಾರದೆಂದು ತಿಳಿದು ಎತ್ತಿಕೊಳ್ಳುವುದು? ಅದು ಮಣ್ಣಿನಲ್ಲಿ ಹೋಗುತ್ತದೆ. ಎಷ್ಟನೆಯ ಪುಟದಲ್ಲಿದ್ದೆವು, ಯಾವ ಉತ್ತರ ಆರಿಸಿದ್ದೆವು ಎಂಬಂಥ, ಬರೆದವರು ತಾವೇ ಬೇರೆ ಕಡೆ ಗಂಟು ಕಟ್ಟಿಟ್ಟುಕೊಂಡಿದ್ದನ್ನು ಅವರೇ ನೆನಪಿನಿಂದ ಚೀಲಕ್ಕೆ ಹಾಕಬೇಕು. ಚೀಲವೂ ಸಣ್ಣದು, ಫೋಟೋಗಳನ್ನೆಲ್ಲ ತುರುಕುವಂತಿಲ್ಲ. 2017ರಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಬಂತಂತೆ, ವ್ಯೂಮಾಡೆಲ್ ಎಂದು. ಮನೆ ಕೆಡವಿ ಕಟ್ಟುವ ತನಕ ಸಾಮಾನನ್ನು ಪಕ್ಕದ ಮನೆಯಲ್ಲಿ ಇಟ್ಟ ಹಾಗೆ. ಆದರೆ ಕ್ಯಾಮೆರಾ ತೆರೆದಾಗ ಫೋನಿನಲ್ಲಿ ಜಾಗ ಸಾಲದೆ ಬಂದು, ಹಿಂದಿದ್ದ ಆ್ಯಪನ್ನೇ ಅದು ಮುಚ್ಚಿಬಿಟ್ಟರೆ ಪಕ್ಕದ ಮನೆಯೂ ಹೋಗುತ್ತದೆ. ಆದ್ದರಿಂದ ಉತ್ತರ ಬರೆದ ಹಾಗೆಲ್ಲ ಫೋನಿನ ಒಳಗಿನ ದಾಖಲೆಗೆ ಇಳಿಸುತ್ತಾ ಹೋಗುವುದೇ ಭದ್ರ ಎಂದಳು.

ನನಗೆ ನೆನಪಾದದ್ದು ತವರುಮನೆಯ ರೇಷ್ಮೆಹುಳ. ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಕಸ, ಹಿಕ್ಕೆ ತುಂಬಿದಾಗ ಹುಳುಗಳನ್ನು ಕೈಯಿಂದ ಆರಿಸುತ್ತಾ ಕೂರುವುದಿಲ್ಲ. ಮೇಲೆ ಒಂದು ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಹರಡುತ್ತೇವೆ. ಹುಳುಗಳು ಸೊಪ್ಪಿಗೆ ಹತ್ತುತ್ತವೆ. ಬಲೆಯನ್ನು ಎತ್ತಿ ಬೇರೆ ತಟ್ಟೆಗಿಟ್ಟು, ಹಳೆಯದನ್ನು ಗುಂಡಿಗೆ ಸುರಿಯುತ್ತೇವೆ. ಬಲೆ ಹಾಸುವುದನ್ನು ಮರೆತು ತಟ್ಟೆಯನ್ನು ಗುಂಡಿಗೆ ಸುರಿದರೆ ಏನಾಗುತ್ತದೆ? “ಅದೇ ಆಗಿರೋದು,” ಎಂದಳು ಮಗಳು. “ಬಲೆ ಹಾಸೋದು ಮರೆತಿದ್ದಾರೆ.”

“ಮರೆಯುವುದು ಹೇಗೆ? ಪರೀಕ್ಷೆ ಮಾಡಿ ನೋಡುವುದಿಲ್ಲವೇ?”

ಅವಳು ತೆನೆ ಕಡಿಯುತ್ತಾ ಸ್ವಲ್ಪ ಯೋಚಿಸಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಇವತ್ತಿಗೂ ಇದೆ. “ನಾವು ಪರೀಕ್ಷೆ ಮಾಡುವಾಗ ಹೆಸರು ಅನ್ನೋ ಕಡೆ ಎಬಿಸಿ ಅಂತ ಒತ್ತುತ್ತೀವಮ್ಮ. ವಯಸ್ಸು 1. ಮಕ್ಕಳು 1. ಅಳಿಸಿಹೋದರೆ ಮತ್ತೆ ಎಬಿಸಿ ಅಂತ ಒತ್ತೋದಕ್ಕೆ ನಾಲ್ಕು ಸೆಕೆಂಡು. ಅದು ದೊಡ್ಡ ವಿಷಯ ಅಂತ ಅನಿಸೋದೇ ಇಲ್ಲ.” ಫೋನನ್ನು ಅಡ್ಡ ಹಿಡಿದು ಬರೆಯುವವರು ಇದ್ದಾರೆ ಎಂಬುದೂ ಅವರಿಗೆ ಹೊಳೆಯುವುದಿಲ್ಲವಂತೆ. ನಮ್ಮಂಥವರಿಗೆ ಅಡ್ಡ ಹಿಡಿದರೆ ಕೀಲಿಗಳು ದೊಡ್ಡದಾಗಿ ಕಾಣುತ್ತವೆ, ಬೆರಳು ತಪ್ಪುವುದಿಲ್ಲ. ಇಪ್ಪತ್ತೈದರ ಹುಡುಗರಿಗೆ ಚಾಳೀಸಿನ ಕಷ್ಟ ಹೇಗೆ ಗೊತ್ತಾಗಬೇಕು? ಕೆಲವರು ಪರದೆ ತಿರುಗದ ಹಾಗೆಯೇ ಆ್ಯಪಿಗೆ ಬೀಗ ಹಾಕಿಬಿಡುತ್ತಾರಂತೆ. ಹಾಗೆ ಮಾಡಿದರೆ ತಿರುಗಿಸಿದಾಗ ತಪ್ಪು ಕಾಣುವುದಿಲ್ಲ, ಆದರೆ ಅಕ್ಷರದ ಗಾತ್ರ ಬದಲಾಯಿಸಿದಾಗಲೋ, ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಂಡಾಗಲೋ ಅದೇ ಕೆಡವಿ ಕಟ್ಟುವ ಕೆಲಸ ನಡೆಯುತ್ತದೆ. ಬೀಗವನ್ನು ಬಾಗಿಲಿಗೆ ಹಾಕಿ ಗೋಡೆ ಬಿಟ್ಟ ಹಾಗೆ ಎನ್ನಿ.

ನನ್ನ ಫೋನಿನಲ್ಲಿ ‘ಆಟೋ ರೊಟೇಟ್’ ಎಂಬ ಗುಂಡಿಯನ್ನು ಅವಳು ಆರಿಸಿಕೊಟ್ಟಳು. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಸಿಗುತ್ತದೆ, ನೀವೂ ನೋಡಿಟ್ಟುಕೊಳ್ಳಿ. ಅದಲ್ಲದೆ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಮೊದಲು ಅದರಲ್ಲಿ ಪೆನ್ನಿನಿಂದ ಬರೆದುಕೊಂಡು, ಮನೆಯವರ ಮುಂದೆಯೇ ಫೋನಿಗೆ ಏರಿಸುವುದು, ಸಮೀಕ್ಷೆ ಮುಗಿದ ಮೇಲೆ ಆ ಹಾಳೆಗಳನ್ನು ಹರಿದು ಒಲೆಗೆ ಹಾಕುವುದು. ಕೆಲಸ ಎರಡರಷ್ಟಾಯಿತು. ಪೇಪರ್ ಇಲ್ಲ, ಪೆನ್ನಿಲ್ಲ ಎಂದಿದ್ದ ಹುಡುಗ ಒಂದು ದಿನ ದಾರಿಯಲ್ಲಿ ಸಿಕ್ಕಿ ನನ್ನ ನೋಟ್‌ಬುಕ್ ನೋಡಿ ನಕ್ಕ. ಅವನಿಗೆ ಫೋನು ತಿರುಗಿಸಿ ತೋರಿಸಿದೆ. ನಗು ನಿಂತಿತು. “ಹೇಳ್ತೀನಿ ಮೇಡಂ ಮೇಲೆ” ಎಂದ. ಮೇಲೆ ಎಂದರೆ ಎಲ್ಲಿ ಎಂದು ಅವನಿಗೂ ಸರಿಯಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಆ ಹುಡುಗಿ ಮಾರನೆಯ ವಾರ ತರಗತಿಯಲ್ಲಿ ಎಂದಿನಂತೆ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳ ಮನೆಯಲ್ಲಿ ಆ ರಾತ್ರಿ ಮಾತಾಯಿತೋ ಇಲ್ಲವೋ ನನಗೆ ತಿಳಿಯದು. ಪ್ರಶ್ನೋತ್ತರದಲ್ಲಿ ಅವಳ ಸರದಿ ಬಂದಾಗ ಸರಿಯಾದ ಉತ್ತರವನ್ನೇ ಹೇಳಿದಳು, ಸ್ವಲ್ಪ ಮೆಲ್ಲಗೆ. ಹಿಂದಿನ ಬೆಂಚಿಗೆ ಕೇಳಿಸಿರಲಾರದು. “ಇನ್ನೊಂದು ಸಲ” ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಆ ಉತ್ತರವನ್ನು ನಾನೇ ಬೋರ್ಡಿನ ಮೇಲೆ ಬರೆದೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾ ಕಾಲದಲ್ಲಿ ನಿಂತುಹೋಯಿತು. 2027ರ ಮಾರ್ಚ್ 1ಕ್ಕೆ ಜನ ಎಷ್ಟು ಎಂಬ ಲೆಕ್ಕದ ಗಣತಿಯನ್ನು 2025ರ ಜೂನಿನಲ್ಲಿ ಸಾರಿದರು, ಅದು ಮೊಬೈಲಿನಲ್ಲೇ ಎಂದೂ ತಿಳಿಸಿದರು. ಅದರ ಕೆಲಸ ಯಾರ ಯಾರ ಪಾಲಿಗೆ ಹೇಗೆ ನಡೆಯುತ್ತದೋ ಅದು ಅವರವರು ಹೇಳಬೇಕಾದ ಮಾತು. ನನ್ನ ಪಾಲಿಗೆ ಈಚೆಗೆ ಬಂದದ್ದು ಶಾಲೆ ಬಿಟ್ಟ ಮಕ್ಕಳ ಪಟ್ಟಿಯ ಒಂದು ಸಣ್ಣ ತರಬೇತಿ. ಅಲ್ಲಿಯೂ ಒಂದು ಆ್ಯಪ್, ಅಲ್ಲಿಯೂ ಒಬ್ಬ ಹುಡುಗ. “ಯಾರಿಗಾದರೂ ಡೌಟ್ ಇದೆಯಾ?” ಎಂದು ಅವನು ಕೇಳಿದಾಗ ಮೊದಲನೆಯ ಸಾಲಿನಿಂದ ಎದ್ದು ನಿಂತೆ.

“ಫೋನು ಅಡ್ಡ ತಿರುಗಿಸಿದರೆ ಬರೆದದ್ದು ಉಳಿಯುತ್ತದೆಯೇ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಇನ್ನೊಂದು ಸಲ ಹೇಳಿ ಮೇಡಂ” ಎಂದ. ಹೇಳಿದೆ. ಅವನು ಫೋನನ್ನು ತಿರುಗಿಸಿದ. ಅವನ ಫೋನು ಗೋಡೆಯ ಮೇಲಿನ ಪರದೆಗೆ ಸೇರಿತ್ತು, ನಲವತ್ತು ಜನ ನೋಡುತ್ತಿದ್ದೆವು. ಮಗುವಿನ ಹೆಸರು ಉಳಿಯಿತು, ತಂದೆತಾಯಿಯ ಹೆಸರು ಉಳಿಯಿತು. ಶಾಲೆ ಬಿಡಲು ಕಾರಣ ಎಂಬ ಕಡೆ ಅವನು ಆರಿಸಿದ್ದದ್ದು ಹೋಗಿ, ‘ಆಯ್ಕೆ ಮಾಡಿ’ ಎಂದು ಬಂತು.

ಅವನು ಒಮ್ಮೆ ನೆಟ್ಟಗೆ ಹಿಡಿದು, ಮತ್ತೆ ಅಡ್ಡ ಹಿಡಿದು ನೋಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಬರೆದುಕೊಳ್ಳಲು ಸುತ್ತಮುತ್ತ ಕಾಗದ ಹುಡುಕಿದ. ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಟ್ಟೆ.